ರಸಮಟ್ಟದ ಗುಳ್ಳೆ

ಅಪ್ಪ ಅಮ್ಮ ಅವನಿಗೊಂದು ಹೆಸರಿಟ್ಟಿದ್ದರು. ಅದೀಗ ಗೇಟಿನ ಪಕ್ಕದ ಅಂಚೆ ಡಬ್ಬಿಯ ಮೇಲೆ ಮಾತ್ರ ಉಳಿದಿತ್ತು. ಬಡಾವಣೆಯವರ ಬಾಯಲ್ಲಿ ಅವನು ರಸಮಟ್ಟ. ಮೇಸ್ತ್ರಿಗಳು ಗೋಡೆಯ ಮೇಲಿಟ್ಟು ನೋಡುತ್ತಾರಲ್ಲ, ಗಾಜಿನ ನಳಿಗೆಯೊಳಗೆ ಹಸಿರು ನೀರು, ಅದರೊಳಗೊಂದು ಗುಳ್ಳೆ. ಗುಳ್ಳೆ ನಡುವಿಗೆ ಬಂದರೆ ಸಮ, ಪಕ್ಕಕ್ಕೆ ಜಾರಿದರೆ ಸೊಟ್ಟ. ಆ ಉಪಕರಣವನ್ನು ಅವನು ಮುಚ್ಚಿಹೋಗುತ್ತಿದ್ದ ಯಾವುದೋ ಹಾರ್ಡ್‌ವೇರ್ ಅಂಗಡಿಯಿಂದ ತಂದಿದ್ದ. ಕಚೇರಿಯಲ್ಲಿ ಅವನು ದಾಖಲೆ ವಿಭಾಗದ ಗುಮಾಸ್ತ. ಇಪ್ಪತ್ತೆರಡು ವರ್ಷಗಳಲ್ಲಿ ಯಾವ ಸಂಗತಿಯ ಬಗ್ಗೆಯೂ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ರಸಮಟ್ಟ ಕೈಗೆ ಬಂದ ಮೇಲೆ, ಕೇಳದಿದ್ದರೂ ಹೇಳುವ ಧೈರ್ಯ ಬಂತು.

ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಿದ್ದ. ಕ್ಯಾಲೆಂಡರು, ಕನ್ನಡಿ, ಗಡಿಯಾರ, ಒಂದನ್ನೂ ಬಿಡುತ್ತಿರಲಿಲ್ಲ. ಸಾವಿನ ಮನೆಗೆ ಹೋದಾಗಲೂ ಜೇಬಿನಿಂದ ರಸಮಟ್ಟ ತೆಗೆದು ಸತ್ತವರ ಫೋಟೋ ನೆಟ್ಟಗೆ ಮಾಡಿದ್ದ. “ಹೋದವರು ಹೋದ್ರು, ಫೋಟೋ ಯಾಕೆ ವಾಲ್ಬೇಕು?” ಅಂದಿದ್ದ. ಅಳುತ್ತಿದ್ದವರು ಒಂದು ಕ್ಷಣ ಅಳು ನಿಲ್ಲಿಸಿ ಹೌದಲ್ಲ ಎಂದು ನೋಡಿದ್ದರಂತೆ. ಇಂಥ ಮನುಷ್ಯನನ್ನು ಜನ ನಗುತ್ತಲೇ ಸಹಿಸಿಕೊಳ್ಳುತ್ತಾರೆ, ಸಹಿಸಿಕೊಳ್ಳುತ್ತಲೇ ಒಂದು ದಿನ ನಂಬಿಬಿಡುತ್ತಾರೆ. ನಗುವಷ್ಟು ದಿನ ಅಪಾಯವಿರಲಿಲ್ಲ.

ಬಡಾವಣೆಯ ನಡುವೆ ಒಂದು ಪಾರ್ಕು, ಪಾರ್ಕಿಗೊಂದು ಹುಲ್ಲು ಕತ್ತರಿಸುವ ಯಂತ್ರ, ಯಂತ್ರಕ್ಕೊಬ್ಬ ಮಾಲಿ. ಯಂತ್ರದ ಹೊಟ್ಟೆಯಲ್ಲಿ ಎರಡಡಿ ಉದ್ದದ ಉಕ್ಕಿನ ದಂಡವೊಂದು ಅಡ್ಡಡ್ಡ ಮಲಗಿರುತ್ತದೆ. ದಂಡದ ತುಂಬ ಬೆರಳುದ್ದದ ಬ್ಲೇಡುಗಳು ನೇತಾಡುತ್ತವೆ. ಇಂಜಿನ್ನಿನ ಬೆಲ್ಟು ದಂಡವನ್ನು ಗಿರಗಿರ ತಿರುಗಿಸಿದರೆ ಹುಲ್ಲು ಸಮನಾಗಿ ಕತ್ತರಿಸಿ ಬೀಳುತ್ತದೆ. ದಂಡದ ಎರಡು ತುದಿಗಳನ್ನೂ ಹಿಡಿದಿರುವುದು ಎರಡು ಬೇರಿಂಗ್‌ಗಳು. ಆ ವರ್ಷ ಅವು ಕಿರುಗುಟ್ಟತೊಡಗಿದವು. ಕಿರುಗುಟ್ಟುವುದು ಹೋಗಿ ಕಿರುಚತೊಡಗಿದವು. ಮಾಲಿ ಯಂತ್ರ ಶುರುಮಾಡಿದರೆ ಸುತ್ತಲಿನ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ಪಾರ್ಕು ಸಮಿತಿಯ ಸಭೆ ಸೇರುತ್ತಿದ್ದುದು ಕಾರ್ಯದರ್ಶಿಯ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ನಿವೃತ್ತ ಹೆಡ್‌ಮಾಸ್ಟರರಾದ ಅಧ್ಯಕ್ಷರು, “ಈ ಶಬ್ದಕ್ಕೆ ಏನಾದ್ರೂ ಮಾಡಿ, ನನಗೆ ಪೇಪರ್ ಓದೋಕಾಗ್ತಿಲ್ಲ” ಅಂದರು. ರಸಮಟ್ಟನಿಗೆ ತಡೆಯಲಾಗಲಿಲ್ಲ.

“ಬೇರಿಂಗ್ ಹೋಗಿದೆ” ಅಂದ.

ಇದನ್ನು ಹಿಂದಿನ ದಿನ ಅವನಿಗೆ ಹೇಳಿದ್ದು ಮಾಲಿಯೇ. ಆದರೆ ಮಾಲಿಗೆ ಸಭೆಯಲ್ಲಿ ಕುರ್ಚಿಯಿರಲಿಲ್ಲ.

“ನಿಮಗೆ ಅದೆಲ್ಲ ಗೊತ್ತೇನ್ರೀ?” ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು.

“ಹೊಸದು ಕೂರಿಸೋದು ಏನೂ ದೊಡ್ಡದಲ್ಲ ಸಾರ್. ಕೂರಿಸಿದ ಮೇಲೆ ದಂಡ ಸಮಕ್ಕೆ ನಿಲ್ಲಿಸ್ಬೇಕು ನೋಡಿ, ಅಲ್ಲಿರೋದು ವಿದ್ಯೆ” ಎಂದು ರಸಮಟ್ಟ ಜೇಬು ತಟ್ಟಿಕೊಂಡ. ರಿಪೇರಿ ಇವರಿಗೇ ಎಂದು ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದೇಬಿಟ್ಟ.

ಭಾನುವಾರ ಬೆಳಿಗ್ಗೆ ಮಾಲಿ ಯಂತ್ರವನ್ನು ತಳ್ಳಿಕೊಂಡು ಬಂದು ರಸಮಟ್ಟನ ಹಿತ್ತಲಿನಲ್ಲಿ ನಿಲ್ಲಿಸಿದ. ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಸಿಮೆಂಟಿನ ಹಿತ್ತಲು. ಐವತ್ತು ದಾಟಿದ ಮಾಲಿ ಮಾತು ಕಮ್ಮಿಯ ಆಸಾಮಿ. ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕಿಟ್ಟ. “ಇದು ತೆಗೀದೆ ಕೈ ಹಾಕ್ಬೇಡಿ ಸಾರ್, ಬೆರಳು ಹೋದ್ರೆ ಗುಮಾಸ್ತಿಕೆ ಹೋಗುತ್ತೆ” ಅಂದ. ಆಮೇಲೆ, “ಬೇರಿಂಗ್ ಬಿಚ್ಚೋ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಳ್ಳಿ. ಅಡೀಲಿ ವಾಷರ್ ಇರುತ್ತೆ, ಆ ಕಡೆ ಎಷ್ಟು, ಈ ಕಡೆ ಎಷ್ಟು ಅಂತ...”

“ನನಗೆ ಬೇಕಾಗಿಲ್ಲಪ್ಪಾ. ಗುರುತು ಹಾಕೋದು ರಸಮಟ್ಟ ಇಲ್ದೋರು” ಅಂದ ರಸಮಟ್ಟ.

ಮಾಲಿ ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು ಹೊರಟುಹೋದ.

ಹಳೆಯ ಬೇರಿಂಗ್‌ಗಳನ್ನು ಬಿಚ್ಚುವುದಕ್ಕೆ ಮಧ್ಯಾಹ್ನವಾಯಿತು. ನಟ್ಟುಗಳಿಗೆ ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಜಾರಿ ಗೆಣ್ಣು ಒಡೆಯಿತು. ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಪಾತ್ರೆ ತೊಳೀಬೇಕು, ಎಷ್ಟು ಹೊತ್ತು?” ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಅವನು, “ಇನ್ನೇನು ಆಯ್ತು” ಅಂದ. ವಾಷರುಗಳೆಲ್ಲ ಒಂದೇ ಡಬ್ಬಿಗೆ ಬಿದ್ದು ಎಡ ಯಾವುದು, ಬಲ ಯಾವುದು ಎಂಬ ಭೇದ ಅಳಿಸಿಹೋಯಿತು. ಹೊಸ ಬೇರಿಂಗ್ ಕೂರಿಸಿ, ದಂಡದ ಮೇಲೆ ರಸಮಟ್ಟವಿಟ್ಟ. ಗುಳ್ಳೆ ಬಲಕ್ಕೆ ಓಡಿತು. ಎಡಗಡೆಯ ಬೇರಿಂಗಿನ ಅಡಿಗೆ ಒಂದು ವಾಷರ್ ಕೊಟ್ಟ. ಗುಳ್ಳೆ ಕೊಂಚ ಕದಲಿತು. ಇನ್ನೊಂದು ಕೊಟ್ಟ. ಸಂಜೆಯ ಹೊತ್ತಿಗೆ ಎಡಗಡೆ ನಾಲ್ಕು ವಾಷರ್, ಬಲಗಡೆ ಸೊನ್ನೆ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು, ಹೊಸ ಮನೆಯಲ್ಲಿ ಕೂತ ನೆಂಟನ ಹಾಗೆ ಅಲುಗಾಡದೆ ಕೂತಿತು. ರಸಮಟ್ಟ ಹೆಂಡತಿಯನ್ನು ಕರೆದು ತೋರಿಸಿದ.

“ಚೆನ್ನಾಗಿದೆ. ಈಗ ಪಾತ್ರೆ ತೊಳೀಲಾ?” ಅಂದಳು ಅವಳು.

ಮರುದಿನ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರನ್ನೂ ಹಿತ್ತಲಿಗೆ ಕರೆಸಿ ಗುಳ್ಳೆಯ ದರ್ಶನ ಮಾಡಿಸಲಾಯಿತು. ಅಧ್ಯಕ್ಷರು ಬಗ್ಗಿ ನೋಡಿ, “ನೂಲಿನಷ್ಟೂ ಆಚೀಚೆ ಇಲ್ಲ!” ಎಂದು ಬೆನ್ನು ತಟ್ಟಿದರು. ಯಂತ್ರ ಒಯ್ಯಲು ಬಂದ ಮಾಲಿಯೂ ಗುಳ್ಳೆ ನೋಡಿದ; ಅವನು ಯಂತ್ರ ಶುರುಮಾಡಿದಾಗ ಕಿರುಚಾಟ ಮಾಯವಾಗಿತ್ತು. ಹೊಸ ಬೇರಿಂಗ್ ಹೇಗೆ ಕೂರಿಸಿದರೂ ಕೆಲವು ದಿನ ಕಿರುಚುವುದಿಲ್ಲ. ಅದನ್ನು ಯಾರೂ ಯೋಚಿಸಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಪಾರ್ಕಿನ ಹುಲ್ಲು ವಿಚಿತ್ರವಾಗಿ ಕಾಣತೊಡಗಿತು. ಯಂತ್ರ ಹೋದ ಒಂದೊಂದು ಪಟ್ಟಿಯಲ್ಲೂ ಒಂದು ಅಂಚು ಬೋಳು, ಇನ್ನೊಂದು ಅಂಚು ಉದ್ದ. ಮೂಲೆಮನೆಯ ಅಜ್ಜಿ ಮಹಡಿಯ ಮೇಲಿಂದ ನೋಡಿ, “ಏನಪ್ಪಾ ಇದು, ಅಳ್ತಾ ಇರೋ ಮಗೂಗೆ ಕ್ಷೌರ ಮಾಡಿಸ್ದಂಗಿದೆ!” ಅಂದಳು. ಮಾಲಿ ರಸಮಟ್ಟನ ಬಳಿ ಬಂದು ಅಂಗೈ ತೋರಿಸಿದ. ಅಂಗೈ ಕಪ್ಪಗಿತ್ತು.

“ಬೆಲ್ಟಿನ ಪುಡಿ ಸಾರ್. ಒಂದೇ ಕಡೆ ಸವೀತಿದೆ. ದಂಡ ಸೊಟ್ಟ ಕೂತಿದೆ ಅನ್ಸುತ್ತೆ.”

“ನೀನೇ ನೋಡ್ಲಿಲ್ವೇನಯ್ಯಾ ಗುಳ್ಳೆ?”

“ನೋಡಿದೆ ಸಾರ್. ಹುಲ್ಲನ್ನೂ ನೋಡ್ದೆ.”

ಈ ಮಾತು ರಸಮಟ್ಟನಿಗೆ ನಾಟಲಿಲ್ಲ, ಚುಚ್ಚಿತು. ಅವನು ಸಮಿತಿಗೆ ಹೇಳಿದ್ದು ಇಷ್ಟು: ಯಂತ್ರ ಸಮವಾಗಿದೆ ಎಂದು ಎಲ್ಲರೂ ಕಣ್ಣಾರೆ ನೋಡಿದ್ದೇವೆ. ಆದರೂ ಹುಲ್ಲು ಸೊಟ್ಟ ಬರುತ್ತಿದೆ ಅಂದರೆ ಸೊಟ್ಟ ಇರುವುದು ಪಾರ್ಕು.

ಅಲ್ಲಿಯವರೆಗೆ ಹನ್ನೊಂದು ವರ್ಷ ಆ ನೆಲದ ಮೇಲೆ ಓಡಾಡಿದ ಜನರಿಗೆಲ್ಲ ಅವತ್ತಿನಿಂದ ನೆಲ ವಾಲಿದಂತೆ ಕಾಣತೊಡಗಿತು. ಕಾರ್ಯದರ್ಶಿಗೆ ನಡೆಯುವಾಗ ಮಂಡಿ ನೋವು ಬಂತು. ಅಜ್ಜಿಯ ಮನೆಯ ನೀರಿನ ಟ್ಯಾಂಕು ಸೋರಿ ನೆಲ ಕುಸಿದಿದೆ ಎಂದು ಒಬ್ಬರು ಹೇಳಿದರು. ಅಧ್ಯಕ್ಷರ ಕಾಂಪೌಂಡಿನ ಭಾರಕ್ಕೆ ಈ ಕಡೆ ನೆಲ ತಗ್ಗಿದೆ ಎಂದು ಅಜ್ಜಿ ತಿರುಗಿಸಿ ಕೊಟ್ಟಳು. ಕೊನೆಗೆ ಅರ್ಜಿ ಹೋಗಿ, ನಗರ ಕಚೇರಿಯಿಂದ ಓವರ್‌ಸಿಯರ್ ಮೂರು ಕಾಲಿನ ದುರ್ಬೀನು ತಗೊಂಡು ಬಂದರು. ಅವರಿಗೆ ಊಟಕ್ಕೆ ಮುಂಚೆ ಇನ್ನೂ ಎರಡು ಜಾಗ ನೋಡುವುದಿತ್ತು. ಅರ್ಧ ಗಂಟೆ ಕಣ್ಣಿಟ್ಟು ನೋಡಿ ದುರ್ಬೀನಿನ ಕಾಲುಗಳನ್ನು ಮಡಚಿದರು.

“ನೆಲಕ್ಕೇನಾಗಿದೆ? ಸರಿಯಾಗೇ ಇದೆಯಲ್ರೀ. ಬೇರೆ ಕೆಲ್ಸ ಇಲ್ವಾ ನಿಮಗೆ?”

ಓವರ್‌ಸಿಯರ್ ಹೋದ ಮೇಲೆ ಹುಲ್ಲಿನ ಮೇಲೆ ಸಮಿತಿ ಸುತ್ತುಗಟ್ಟಿ ನಿಂತಿತು. ಯಂತ್ರ ಸರಿ. ನೆಲ ಸರಿ. ಹುಲ್ಲು ಮಾತ್ರ ಸೊಟ್ಟ. ಇಂಥ ಬಿಕ್ಕಟ್ಟಿನ ಹೊತ್ತಿನಲ್ಲಿ ಸುಮ್ಮನಿರಬೇಕಾಗಿದ್ದ ಒಬ್ಬ ಬಾಯಿಬಿಟ್ಟ. ಮಾಲಿ.

“ನಾನ್ ಹೇಳ್ಲಾ ಸಾರ್? ನೆಲ ಸೊಟ್ಟ ಇದ್ದಿದ್ರೆ ಎಲ್ಲಾ ಪಟ್ಟೀನೂ ಒಂದೇ ಕಡೆಗೆ ವಾಲ್ಬೇಕಿತ್ತು. ಇಲ್ಲಿ ನೋಡಿ, ಆ ಕಡೆ ಹೋಗುವಾಗ ಈ ಅಂಚು ಬೋಳು. ವಾಪಸ್ ಬರುವಾಗ ಆ ಅಂಚು ಬೋಳು. ಅಂದ್ರೆ ತಪ್ಪು ನೆಲದ್ದಲ್ಲ, ಹೋಗಿ ಬರೋ ವಸ್ತೂದು.”

ಎಷ್ಟು ನಿಖರವಾದ ಮಾತು! ಹೆಡ್‌ಮಾಸ್ಟರರಿಗೆ ತಮ್ಮ ಕ್ಲಾಸಿನ ಜಾಣ ಹುಡುಗನೊಬ್ಬನ ಉತ್ತರ ಕೇಳಿದಷ್ಟು ಸಂತೋಷವಾಯಿತು. ಅವರು ಅದನ್ನು ಮುಂದುವರಿಸಿದರು.

“ಸರಿಯಾಗಿ ಹೇಳ್ದೆ. ಹೋಗಿ ಬರೋದು ಎರಡೇ. ಒಂದು ಯಂತ್ರ, ಇನ್ನೊಂದು ನೀನು. ಯಂತ್ರ ಸಮ ಇದೆ.”

ಎಲ್ಲರೂ ಮಾಲಿಯನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಸಮಿತಿ ಅವನನ್ನು ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

“ಎಡ ಹೆಗಲು ಸ್ವಲ್ಪ ಕೆಳಗಿದೆ ಅಲ್ವಾ?” ಅಂದ ಕಾರ್ಯದರ್ಶಿ.

“ಕಣ್ಣಳತೆ ಬೇಡ” ಅಂದರು ಅಧ್ಯಕ್ಷರು. “ರಸಮಟ್ಟ ಇದೆಯಲ್ಲ.”

ರಸಮಟ್ಟನ ಕೈ ಜೇಬಿಗೆ ಹೋಯಿತು. ಅಭ್ಯಾಸಬಲ. ಹೊರತೆಗೆದ ಮೇಲೆ ಅದನ್ನು ಎಲ್ಲಿ ಇಡಬೇಕಾಗುತ್ತದೆಂದು ಹೊಳೆದು ಕೈ ನಿಂತಿತು. ಆದರೆ ಅಷ್ಟು ಜನ ಅವನ ಕೈಯನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಯಾರೂ ಕೇಳದೆ ಇದ್ದದ್ದನ್ನು ಈಗ ಕೇಳುತ್ತಿದ್ದರು. ಅವನು ಮಾಲಿಯ ಬೆನ್ನಿನ ಹಿಂದೆ ನಿಂತು, ಎರಡು ಹೆಗಲಿಗೂ ತಾಗುವಂತೆ ಒಂದು ಹಲಗೆ ತರಿಸಿ, ಹಲಗೆಯ ಮೇಲೆ ರಸಮಟ್ಟವಿಟ್ಟ. ಮಾಲಿ ಅಲುಗಾಡದೆ ನಿಂತ. ಗುಳ್ಳೆ ಬಲಕ್ಕೆ ಜಾರಿ ನಳಿಗೆಯ ತುದಿಗೆ ಹೋಗಿ ನಿಂತಿತು.

“ನೋಡಿದ್ರಾ! ಎಡಗಡೆ ತಗ್ಗು!” ಅಂದ ಕಾರ್ಯದರ್ಶಿ.

ಮಾಲಿ ತಿರುಗಲಿಲ್ಲ. ಹಲಗೆ ಹೆಗಲ ಮೇಲಿರುವಾಗಲೇ ಹೇಳಿದ: “ಇಲ್ಲಿಗೆ ನಲ್ಲಿ ಬರೋಕ್ ಮುಂಚೆ ಮೂರು ವರ್ಷ ನೀರು ಹೊತ್ತೆ ಸಾರ್. ಈ ಹುಲ್ಲಿಗೇನೆ. ಎಡ ಹೆಗಲ ಮೇಲೆ. ಹೆಗಲು ತಗ್ಗಿ ಎಂಟು ವರ್ಷ ಆಯ್ತು. ಹುಲ್ಲು ಸೊಟ್ಟ ಆಗಿದ್ದು ಈ ತಿಂಗಳು.”

ಉತ್ತರವಿಲ್ಲದಾಗ ಸಮಿತಿಗಳು ನಿರ್ಣಯ ಮಾಡುತ್ತವೆ. ಮಾಲಿಯ ಸೇವೆ ಆ ವಾರಕ್ಕೆ ಸಾಕು, ನೆಟ್ಟಗಿರುವವನೊಬ್ಬನನ್ನು ಹುಡುಕುವುದು ಎಂದು ಕಾರ್ಯದರ್ಶಿ ನಿಂತಲ್ಲೇ ಬರೆದುಕೊಂಡ. ಮಾಲಿ ಹಲಗೆಯನ್ನು ಇಳಿಸಿ ಬೇಲಿಗೆ ಒರಗಿಸಿ, ಯಂತ್ರ ಒರೆಸಿ, ಪಾರ್ಕಿನ ಬೀಗದ ಕೈಯನ್ನು ಅಧ್ಯಕ್ಷರ ಗೇಟಿಗೆ ಸಿಕ್ಕಿಸಿ ಹೋದ. ಯಂತ್ರ ಮತ್ತೆ ರಸಮಟ್ಟನ ಹಿತ್ತಲು ಸೇರಿತು.

ಮೂರು ದಿನ ರಸಮಟ್ಟ ಯಾರ ಮನೆಯ ಗೋಡೆಯನ್ನೂ ನೋಡಲಿಲ್ಲ. ನಾಲ್ಕನೆಯ ದಿನ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದವನು ಕೈಯಲ್ಲಿದ್ದ ರಸಮಟ್ಟವನ್ನು ಬೇಸರದಿಂದ ಸಿಮೆಂಟು ನೆಲದ ಮೇಲಿಟ್ಟ. ಗುಳ್ಳೆ ಬಲಕ್ಕೆ ಓಡಿತು. ಎತ್ತಿ ಕುಲುಕಿ ಮತ್ತೆ ಇಟ್ಟ. ಮತ್ತೆ ಬಲಕ್ಕೆ.

“ಲೇ, ಬಾರೇ ಇಲ್ಲಿ. ರಸಮಟ್ಟ ಕೆಟ್ಟೋಗಿದೆ.”

ಹೆಂಡತಿ ಸೋಪಿನ ಕೈಯಲ್ಲೇ ಬಂದು ನೋಡಿದಳು. “ಅದಕ್ಕೇನಾಗಿದೆ? ನೆಲ ವಾಲಿದೆ.”

“ನಮ್ಮನೆ ನೆಲ ವಾಲಿದೆಯಾ?”

“ವಾಲದೆ? ಪಾತ್ರೆ ತೊಳೆದ ನೀರು ಮೋರಿಗೆ ಹೆಂಗೆ ಹೋಗ್ಬೇಕು, ಬಸ್ ಹತ್ಕೊಂಡಾ? ನಾನೇ ಮೇಸ್ತ್ರಿ ಹತ್ರ ನಿಂತು ಮಾಡಿಸ್ದೆ. ಎಡಕ್ಕೆ ಇಳಿಜಾರು ಕೊಡಪ್ಪಾ ಅಂತ. ನೀವು ಅವತ್ತು ಮುಂದ್ಗಡೆ ಗೇಟು ನೆಟ್ಟಗೆ ಮಾಡ್ತಿದ್ರಿ.”

ಹನ್ನೆರಡು ವರ್ಷ ತಾನು ನಿಂತ ನೆಲ ಎತ್ತ ವಾಲಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನು ಯಂತ್ರವನ್ನು ನೋಡಿದ. ಎಡಕ್ಕೆ ಇಳಿದ ನೆಲದ ಮೇಲೆ ಯಂತ್ರ ನಿಲ್ಲಿಸಿ, ದಂಡವನ್ನು ಮಾತ್ರ ನೆಟ್ಟಗೆ ಮಾಡಿದ್ದ. ಅಂದರೆ ಈ ಹಿತ್ತಲಿನಲ್ಲಿ ಮಾತ್ರ ನೆಟ್ಟಗೆ, ಪ್ರಪಂಚದ ಉಳಿದೆಲ್ಲ ಕಡೆ ಸೊಟ್ಟಗೆ. ಎಡಗಡೆಯ ನಾಲ್ಕು ವಾಷರುಗಳು ಬೇರಿಂಗಿನ ಅಡಿಯಿಂದ ಅವನನ್ನೇ ನೋಡುತ್ತಿದ್ದವು.

“ನಿನಗೆ ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಗುಳ್ಳೆ ಚೆನ್ನಾಗಿದೆಯಾ ಅಂತ ಕೇಳಿದ್ರಿ. ಚೆನ್ನಾಗಿತ್ತು. ನೆಲದ ಬಗ್ಗೆ ಯಾರು ಕೇಳಿದ್ರು?”

ಅವನು ಬೇಕಿದ್ದರೆ ಸುಮ್ಮನೆ ವಾಷರ್ ತೆಗೆದು, ಯಂತ್ರವನ್ನು ಹೊಸ ಮಾಲಿಗೆ ಒಪ್ಪಿಸಬಹುದಿತ್ತು. ಹುಲ್ಲು ಸಮ ಬರುತ್ತಿತ್ತು, ಹಳೆಯ ಮಾಲಿಯ ಹೆಗಲೇ ಕಾರಣವೆಂಬುದು ಶಾಶ್ವತವಾಗಿ ಸಾಬೀತಾಗುತ್ತಿತ್ತು. ಈ ಯೋಚನೆ ಅವನಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ಅವನು ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ನಡೆದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಧ್ಯಕ್ಷರೂ ಇದ್ದರು. ರಸಮಟ್ಟ ಕೂರಲಿಲ್ಲ.

“ತಪ್ಪು ನನ್ನದು. ಮಾಲೀದು ಏನೂ ಇಲ್ಲ. ದಂಡ ಸೊಟ್ಟ ಕೂರಿಸಿದೋನು ನಾನು.”

ಅಧ್ಯಕ್ಷರು ನಿಧಾನವಾಗಿ ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ಇಂಥ ಮನಸ್ಸು ಯಾರಿಗಿರುತ್ರೀ? ಒಬ್ಬ ಕೆಲಸದವನ ಅನ್ನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಳ್ತಿದೀರಲ್ಲ!”

“ಅಲ್ಲ ಸಾರ್, ನಿಜವಾಗ್ಲೂ...”

“ಬೇಡ, ಏನೂ ಹೇಳ್ಬೇಡಿ. ನಾವೇ ನೋಡಿದೀವಿ ಗುಳ್ಳೆ ನಡುವೆ ಇತ್ತು.”

“ನಾನು ದಡ್ಡ ಸಾರ್!”

“ವಿನಯ ನೋಡ್ರೀ” ಎಂದರು ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿ. ಕಾರ್ಯದರ್ಶಿ ನಡಾವಳಿ ತೆಗೆದು, ಸದಸ್ಯರ ದೊಡ್ಡತನವನ್ನು ಸಮಿತಿ ಮೆಚ್ಚಿದೆ, ಆದರೆ ಹಿಂದಿನ ನಿರ್ಣಯದಲ್ಲಿ ಬದಲಾವಣೆಯಿಲ್ಲ ಎಂದು ಬರೆದ. ರಸಮಟ್ಟ ಮೇಜು ಗುದ್ದಿದ. ಗುದ್ದಿದಷ್ಟೂ ದೊಡ್ಡವನಾದ. ಜೀವಮಾನದಲ್ಲಿ ಅವನು ಹೇಳಿದ ಅರೆಬರೆ ಮಾತುಗಳನ್ನೆಲ್ಲ ನಂಬಿದ್ದ ಜನ, ಪೂರ್ತಿ ನಿಜ ಹೇಳಿದ ದಿನ ನಂಬಲು ತಯಾರಿರಲಿಲ್ಲ.

ಕೊನೆಗೆ ಅಧ್ಯಕ್ಷರ ತೋಳು ಹಿಡಿದೇ ಎಳೆದುಕೊಂಡು ಬಂದ. ಕಾರ್ಯದರ್ಶಿ ಅಂಗಡಿ ಬಿಟ್ಟು ಪುಸ್ತಕ ಸಮೇತ ಹಿಂದೆ ಓಡಿಬಂದ. ಅಧ್ಯಕ್ಷರನ್ನು ಹಿತ್ತಲಿನ ಎಡಮೂಲೆಯಲ್ಲಿ ನಿಲ್ಲಿಸಿ, ರಸಮಟ್ಟ ಬಕೆಟ್ ಎತ್ತಿ ಬಲಮೂಲೆಯಲ್ಲಿ ಸುರಿದ. ನೀರು ಹನ್ನೆರಡು ವರ್ಷದ ರೂಢಿಯಂತೆ ಯಂತ್ರದ ಚಕ್ರಗಳ ನಡುವೆ ಹಾದು, ಮೋರಿಗೆ ಹೋಗುವ ದಾರಿಯಲ್ಲಿ ಅಧ್ಯಕ್ಷರ ಕಾಲುಚೀಲ ಒದ್ದೆ ಮಾಡಿತು.

ಅಧ್ಯಕ್ಷರು ಕಾಲು ಎತ್ತಲಿಲ್ಲ. ನೀರನ್ನು ನೋಡಿದರು. ಯಂತ್ರ ನೋಡಿದರು. ಮತ್ತೆ ನೀರು ನೋಡಿದರು.

“ಈ ಹಿತ್ತಲು ಸರಿ ಮಾಡಿಸ್ಬೇಕು ಕಣ್ರೀ” ಅಂದರು ಕೊನೆಗೆ.

“ಇದನ್ನ ಮುಟ್ಟಿ ನೋಡಿ, ಆಮೇಲೆ ಗೊತ್ತಾಗುತ್ತೆ” ಅಂದಳು ಬಾಗಿಲಲ್ಲಿದ್ದ ಹೆಂಡತಿ.

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು, ದೊಡ್ಡತನದ ಸಾಲನ್ನು ಮೊದಲು ಹೊಡೆದುಹಾಕಿದ.

ಮಾಲಿಯ ಮನೆ ಎರಡು ಬೀದಿ ಆಚೆ, ಒಂದೇ ಕೋಣೆ. ಅವನು ಹೊಸ್ತಿಲ ಮೇಲೆ ಕೂತು ಗಿಡ ಕತ್ತರಿಸುವ ಕತ್ತರಿಗೆ ಎಣ್ಣೆ ಹಾಕುತ್ತಿದ್ದ. ರಸಮಟ್ಟ ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ.

“ನೀವು ನಾಳೆಯಿಂದ ಬರ್ಬೇಕು.”

ಮಾಲಿ ಗಾಬರಿಯಿಂದ ಎದ್ದು ನಿಂತ. “ಯಾಕ್ ಸಾರ್ ನೀವು ಅಂತೀರಾ? ಇನ್ನೂ ಏನಾದ್ರೂ ತಪ್ಪು ಸಿಕ್ತಾ?”

ರಸಮಟ್ಟ ಎಲ್ಲ ಹೇಳಿದ. ಇಳಿಜಾರು, ವಾಷರು, ಬಕೆಟ್ಟು, ಒದ್ದೆಯಾದ ಕಾಲುಚೀಲ. ಮಾಲಿ ಕಾಲುಚೀಲದ ಭಾಗವನ್ನು ಇನ್ನೊಂದು ಸಲ ಹೇಳಿಸಿಕೊಂಡ. ಆಮೇಲೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದ: “ನರ್ಸರಿಲಿ ಮಣ್ಣು ಹೊರೋ ಕೆಲ್ಸ ಕೇಳೋಕೆ ಹೋಗಿದ್ದೆ. ಗೇಟಿನ ತನ್ಕ ಹೋದೆ. ಅಲ್ಲೂ ಹಲಗೆ ಇಡ್ತಾರೇನೋ ಅಂತ ವಾಪಸ್ ಬಂದೆ.”

ಅವನು ನಗಲಿಲ್ಲ. ರಸಮಟ್ಟ ನಗಲು ಹೊರಟವನು ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಪಾರ್ಕಿನಲ್ಲೇ ಯಂತ್ರ ಬಿಚ್ಚಿದರು. ಮಾಲಿ ಪ್ಲಗ್ಗಿನ ವೈರು ಕಿತ್ತ. ನಾಲ್ಕು ವಾಷರುಗಳನ್ನು ತೆಗೆದು, ಎಡಕ್ಕೊಂದು ಬಲಕ್ಕೊಂದು ಇಟ್ಟು, ಉಳಿದೆರಡನ್ನು ರಸಮಟ್ಟನ ಅಂಗೈಗೆ ಹಾಕಿದ. ಬೇಲಿಯಿಂದ ಒಂದು ಕಡ್ಡಿ ಮುರಿದು, ದಂಡದ ಎಡತುದಿಗೂ ಯಂತ್ರದ ಚೌಕಟ್ಟಿಗೂ ನಡುವೆ ಸರಿಯಾಗಿ ಕೂರುವಂತೆ ಉಗುರಿನಲ್ಲಿ ಚಿವುಟಿದ. ಅದೇ ಕಡ್ಡಿಯನ್ನು ಬಲತುದಿಯಲ್ಲಿ ಇಟ್ಟು ನೋಡಿದ. ಕೂದಲಷ್ಟು ಬಿಗಿ. ನಟ್ಟು ಸಡಿಲಿಸಿ, ಒಂದು ಪೆಟ್ಟು ಕೊಟ್ಟು, ಮತ್ತೆ ಬಿಗಿದು ಮತ್ತೆ ಇಟ್ಟ. ಈಗ ಎರಡು ಕಡೆಗೂ ಕಡ್ಡಿ ಒಂದೇ ಥರ ಜಾರಿತು.

“ಇಷ್ಟೇನಾ?” ಅಂದ ರಸಮಟ್ಟ. “ನೆಲಕ್ಕೆ ಸಮ ಇದೆಯಾ ಅಂತ ನೋಡೋದು ಬೇಡ್ವಾ?”

“ನೆಲ ಏರುತ್ತೆ, ಇಳಿಯುತ್ತೆ ಸಾರ್. ಆ ತುದಿ ಈ ತುದಿಗೆ ಸರಿ ಇದ್ರೆ ಆಯ್ತು.” ಮಾಲಿ ದಂಡವನ್ನು ಬೆರಳಿನಿಂದ ತಿರುಗಿಸಿಬಿಟ್ಟ. ದಂಡ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು, ನಿಲ್ಲುವುದು ಮರೆತುಹೋದಂತೆ.

ಪ್ಲಗ್ಗಿನ ವೈರು ಸಿಕ್ಕಿಸಿದ ಮೇಲೆ ಮಾಲಿ ಕೈ ಒರೆಸಿಕೊಂಡು, ಬೇಲಿಗೆ ಇನ್ನೂ ಒರಗಿಕೊಂಡೇ ಇದ್ದ ಹಲಗೆಯನ್ನು ತಂದ.

“ಒಂದ್ ನಿಮಿಷ ನಿಂತ್ಕೊಳ್ಳಿ ಸಾರ್. ಅದು ಕೊಡಿ.”

ರಸಮಟ್ಟ ಸುಮ್ಮನೆ ಕೊಟ್ಟು, ಬೆನ್ನು ತಿರುಗಿಸಿ ನಿಂತ. ಹಲಗೆ ಹೆಗಲ ಮೇಲೆ ಬಂದು ಕೂತಿತು. ಅದು ಅಷ್ಟು ಭಾರವಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಹಡಿಯ ಮೇಲೆ ಅಜ್ಜಿ, ಗೇಟಿನಲ್ಲಿ ಅಧ್ಯಕ್ಷರು ನೋಡುತ್ತಿದ್ದರು. ಕಚೇರಿಯ ಚೀಲ ನೇತುಹಾಕಿಕೊಳ್ಳುವುದು ಬಲ ಹೆಗಲಿಗೆ, ಇಪ್ಪತ್ತೆರಡು ವರ್ಷದಿಂದ, ಎಂಬುದು ಅವನಿಗೆ ಆಗ ನೆನಪಾಯಿತು. ಮಾಲಿ ಬಹಳ ಹೊತ್ತು ನೋಡಿದ. ಆಮೇಲೆ ಹಲಗೆ ಇಳಿಸಿ ರಸಮಟ್ಟವನ್ನು ವಾಪಸು ಕೊಟ್ಟ.

“ಏನ್ ತೋರಿಸ್ತು?”

“ಹುಲ್ಲು ಬೆಳೆದಿದೆ ಸಾರ್. ತುಂಬಾ ಕೆಲ್ಸ ಇದೆ” ಎಂದು ಮಾಲಿ ದಾರ ಎಳೆದು ಇಂಜಿನ್ ಶುರುಮಾಡಿದ.

ಮನೆಗೆ ಬಂದ ರಸಮಟ್ಟ ಕೋಣೆಯ ಕನ್ನಡಿಯ ಮುಂದೆ ನಿಂತ. ಹೆಗಲುಗಳ ಮೇಲೆ ಅಡ್ಡಕ್ಕೆ ಹೆಂಡತಿಯ ಲಟ್ಟಣಿಗೆ, ಅದರ ಮೇಲೆ ರಸಮಟ್ಟ. ಗುಳ್ಳೆ ನೋಡಲು ಕತ್ತು ತಿರುಗಿಸಿದ. ಕತ್ತು ತಿರುಗಿಸಿದರೆ ಹೆಗಲು ಏಳುತ್ತಿತ್ತು, ಹೆಗಲು ಎದ್ದರೆ ಗುಳ್ಳೆ ಓಡುತ್ತಿತ್ತು. ಕತ್ತು ನೆಟ್ಟಗಿಟ್ಟರೆ ಗುಳ್ಳೆ ಕಾಣುತ್ತಿರಲಿಲ್ಲ. ಎಷ್ಟೋ ಹೊತ್ತು ಹೀಗೇ ನಡೆಯಿತು.

ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ಏನ್ರೀ ಅದು?”

“ನಾನು ಯಾವ ಕಡೆಗೆ ವಾಲಿದೀನಿ ಅಂತ ಸ್ವಲ್ಪ ನೋಡಿ ಹೇಳೇ.”

ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಲಟ್ಟಣಿಗೆ ಕಿತ್ತುಕೊಂಡಳು.

“ಒಂದ್ ಬಕೆಟ್ ನೀರು ಸುರಿದು ನೋಡ್ಲಾ?”